ಮಡಚು ಚಾಕುವಿಗೆ ಕೋನ ಹಿಡಿದು ಮಸೆಯುವ ಸಾಧನ: ಕಲ್ಲಿಗಿಂತ ಮೊದಲು ಇಕ್ಕಳ ನೋಡಿ

ಪ್ರಶ್ನೆ: ನಾನು ಸಿರ್ಸಿ ತಾಲ್ಲೂಕಿನ ಅಡಿಕೆ ತೋಟಿಗ. ಕತ್ತಿ, ಮೆಟ್ಟುಗತ್ತಿಗಳನ್ನು ಮನೆಯ ಮಸೆಗಲ್ಲಿನ ಮೇಲೆ ನಾನೇ ಮಸೆದುಕೊಳ್ಳುತ್ತೇನೆ, ಅದರಲ್ಲಿ ತೊಂದರೆಯಿಲ್ಲ. ಆದರೆ ಕಿಸೆಯಲ್ಲಿಟ್ಟುಕೊಳ್ಳುವ ಚಿಕ್ಕ ಚಾಕುಗಳು ಮಾತ್ರ ಎಷ್ಟು ಮಸೆದರೂ ಹರಿತವಾಗುವುದಿಲ್ಲ. ನನ್ನ ಬಳಿ ಒಂದು ವಿಕ್ಟೊರಿನಾಕ್ಸ್, ಕಾರ್ಬನ್ ಉಕ್ಕಿನ ಒಂದು ಒಪಿನೆಲ್ 8, ಡಿ2 ಉಕ್ಕಿನ ಒಂದು ದಪ್ಪ ಚಾಕು ಮತ್ತು ಅಪ್ಪೆಮಿಡಿ ಕಸಿ ಕಟ್ಟುವ ಒಂದು ಮಡಚು ಚಾಕು ಇವೆ. ಕೋನ ತಪ್ಪದಂತೆ ಮಸೆಯುವ ಸಾಧನಗಳಲ್ಲಿ ಹತ್ತಾರು ಬಗೆ ಕಾಣುತ್ತಿವೆ. ಒಂದನ್ನೇ ಕೊಳ್ಳುವುದಾದರೆ ಯಾವುದನ್ನು ಕೊಳ್ಳಲಿ? ನಮ್ಮ ಮಳೆಗಾಲಕ್ಕೆ ಅದು ತಡೆಯುತ್ತದೆಯೇ?

ಉತ್ತರ: ಕತ್ತಿ ಮಸೆಯಬಲ್ಲ ಕೈ ಚಿಕ್ಕ ಚಾಕುವಿನ ಮುಂದೆ ಸೋಲುವುದಕ್ಕೆ ಲೆಕ್ಕಕ್ಕೆ ಸಿಗುವ ಕಾರಣವಿದೆ. ಬಾಯಿಯಿಂದ ಬೆನ್ನಿನವರೆಗೆ 60 ಮಿಲಿಮೀಟರ್ ಅಗಲವಿರುವ ಕತ್ತಿಯನ್ನು 20 ಡಿಗ್ರಿ ಕೋನದಲ್ಲಿ ಕಲ್ಲಿನ ಮೇಲೆ ಹಿಡಿದಾಗ ಅದರ ಬೆನ್ನು ಸುಮಾರು 20 ಮಿಲಿಮೀಟರ್ ಮೇಲಿರುತ್ತದೆ, ಮತ್ತು ಕೋನದಲ್ಲಿ 3 ಡಿಗ್ರಿ ವ್ಯತ್ಯಾಸ ಬರಬೇಕಾದರೆ ಆ ಬೆನ್ನು 3 ಮಿಲಿಮೀಟರ್ ಏರಬೇಕು ಇಲ್ಲವೇ ಇಳಿಯಬೇಕು. ಅಷ್ಟು ಬದಲಾದರೆ ನಿಮ್ಮ ಕೈಗೂ ಕಣ್ಣಿಗೂ ತಕ್ಷಣ ಗೊತ್ತಾಗುತ್ತದೆ. ನಿಮ್ಮ ವಿಕ್ಟೊರಿನಾಕ್ಸ್ ಚಾಕುವಿನ ಅಲಗು ಹೆಚ್ಚೆಂದರೆ 15 ಮಿಲಿಮೀಟರ್ ಅಗಲವಿದ್ದೀತು. ಅದರ ಬೆನ್ನು ಕೇವಲ ಮುಕ್ಕಾಲು ಮಿಲಿಮೀಟರ್ ಎದ್ದರೆ ಅದೇ 3 ಡಿಗ್ರಿ ತಪ್ಪಿಹೋಗುತ್ತದೆ. ಯಾರ ಕೈಯೂ ಇಷ್ಟು ಸಣ್ಣ ಅಳತೆಯನ್ನು ನೂರು ಸಲ ಒಂದೇ ಸಮನೆ ಹಿಡಿಯುವುದು ಕಷ್ಟ; ಒಂದು ಎಳೆತದಲ್ಲಿ ಬಾಯಿಯ ಅಂಚು ತಾಗಿದರೆ, ಇನ್ನೊಂದರಲ್ಲಿ ಅದರ ಹಿಂದಿನ ಭುಜ, ಅಂದರೆ ಬಾಯಿಯ ಇಳಿಜಾರು ಶುರುವಾಗುವ ಮೇಲಂಚು, ಮಾತ್ರ ತಾಗಿ, ಒಂದು ಗಂಟೆ ಮಸೆದರೂ ಅಲಗು ಮೊಂಡಾಗಿಯೇ ಉಳಿಯುತ್ತದೆ.

ಆದ್ದರಿಂದ ನೀವು ಕೊಳ್ಳಲಿರುವ ಸಾಧನದಿಂದ ನಿರೀಕ್ಷಿಸಬೇಕಾದ ಕೆಲಸ ಒಂದೇ: ಇಂದು ಯಾವ ಕೋನದಲ್ಲಿ ಮಸೆದಿರೋ ಆರು ತಿಂಗಳ ನಂತರವೂ ಅದೇ ಕೋನ ಮತ್ತೆ ಸಿಗಬೇಕು. ಪೆಟ್ಟಿಗೆಯಲ್ಲಿ ಎಷ್ಟು ಕಲ್ಲುಗಳಿವೆ, ಎಷ್ಟು ಸಾವಿರ ಗ್ರಿಟ್‌ವರೆಗೆ (ಕಲ್ಲಿನ ನಯದ ಅಂಕಿ, ಹೆಚ್ಚಾದಷ್ಟೂ ನಯ) ಹೋಗುತ್ತದೆ ಎಂಬುದನ್ನು ಮಾರುವವರು ದೊಡ್ಡದಾಗಿ ಹೇಳುತ್ತಾರೆ. ಕಲ್ಲನ್ನು ನಾಳೆ ಬೇರೆ ಕೊಳ್ಳಬಹುದು. ಅಲಗನ್ನು ಹಿಡಿಯುವ ಭಾಗ ಸರಿಯಿಲ್ಲದಿದ್ದರೆ ಅದನ್ನು ಯಾವ ಕಲ್ಲೂ ಸರಿಪಡಿಸಲಾರದು.

ಮೊದಲು ಬೇಡವೆನ್ನಬೇಕಾದವುಗಳನ್ನು ಬದಿಗಿಡೋಣ. ವಿ ಆಕಾರದ ಸಂದಿಯಲ್ಲಿ ಚಾಕುವನ್ನು ಎಳೆಯುವ ಚಿಕ್ಕ ಕಾರ್ಬೈಡ್ ಸಾಧನಗಳು ಮಸೆಯುವುದಿಲ್ಲ, ಲೋಹವನ್ನು ಹೆರೆದು ತೆಗೆಯುತ್ತವೆ. ಕೆಲವೇ ವರ್ಷಗಳಲ್ಲಿ ಹಿಡಿಯ ಬುಡದಲ್ಲಿ ಅಲಗು ಒಳಕ್ಕೆ ಬಾಗಿ ತಿಂದುಹೋಗಿರುತ್ತದೆ. ಅಯಸ್ಕಾಂತದ ದಿಮ್ಮಿಗೆ ಚಾಕುವನ್ನು ಅಂಟಿಸಿ, ಪಕ್ಕದಲ್ಲಿ ಗಾಲಿಯಂತಹ ಕಲ್ಲನ್ನು ಉರುಳಿಸುವ ಬಗೆ ಅಡುಗೆಮನೆಯ ಅಗಲವಾದ ಚಾಕುಗಳಿಗೆ ಚೆನ್ನಾಗಿದೆ, ಆದರೆ ಅಲಗು ಕಿರಿದಾಗಿ ಹಿಡಿ ದಪ್ಪವಾಗಿರುವ ಮಡಚು ಚಾಕು ಅದರಲ್ಲಿ ಸರಿಯಾದ ಎತ್ತರಕ್ಕೆ ಕೂರುವುದಿಲ್ಲ.

ಸ್ಪೈಡರ್ಕೊ ಕಂಪನಿಯ ಶಾರ್ಪ್‌ಮೇಕರ್ ಬೇರೆಯೇ ವರ್ಗದ್ದು. ಅದರಲ್ಲಿ ಎರಡು ತ್ರಿಕೋನ ಸೆರಾಮಿಕ್ ಕಡ್ಡಿಗಳು ಪೀಠದಲ್ಲಿ ಓರೆಯಾಗಿ ನಿಂತಿರುತ್ತವೆ, ಚಾಕುವನ್ನು ನೆಟ್ಟಗೆ ಹಿಡಿದು ಕೆಳಕ್ಕೆ ಎಳೆದರೆ ಪ್ರತಿ ಬದಿಗೆ 15 ಅಥವಾ 20 ಡಿಗ್ರಿ ಕೋನ ಸಿಗುತ್ತದೆ. ಓರೆಯಾದ ಕೋನವನ್ನು ಹಿಡಿಯುವುದಕ್ಕಿಂತ ನೆಟ್ಟಗೆ ಹಿಡಿಯುವುದು ಕೈಗೆ ಸುಲಭ ಎಂಬ ಸರಳ ಸತ್ಯದ ಮೇಲೆ ಈ ಸಾಧನ ನಿಂತಿದೆ, ಮತ್ತು ಹರಿತವಿರುವ ಚಾಕುವನ್ನು ಹರಿತವಾಗಿಯೇ ಉಳಿಸಿಕೊಳ್ಳಲು ಇದಕ್ಕಿಂತ ಹಗುರವಾದ ದಾರಿ ನನಗೆ ಕಂಡಿಲ್ಲ. ತೊಂದರೆಯೆಂದರೆ, ಸಂಪೂರ್ಣ ಮೊಂಡಾದ ಅಲಗಿಗೆ ಹೊಸ ಬಾಯಿ ಕೊಡುವ ಕೆಲಸಕ್ಕೆ ಈ ಕಡ್ಡಿಗಳು ತೀರ ನಿಧಾನ. ನಿಮ್ಮ ಡಿ2 ಚಾಕುವನ್ನು ಇದರ ಮೇಲೆ ತಿರುಗಿಸಿ ರೂಪಿಸುವಷ್ಟರಲ್ಲಿ ತಾಳ್ಮೆ ಮುಗಿಯುತ್ತದೆ. ಕಸಿಚಾಕುವಿಗೆ ಇದು ಸಲ್ಲುವುದೇ ಇಲ್ಲ.

ಉಳಿದದ್ದು ಕಲ್ಲು ಒಂದು ಸರಳಿನ ತುದಿಯಲ್ಲಿದ್ದು, ಆ ಸರಳು ಎತ್ತರದ ಒಂದು ಬಿಂದುವಿನ ಮೂಲಕ ಹಾದುಹೋಗುವ ಬಗೆ. ಇದರಲ್ಲಿಯೂ ಎಡ್ಜ್ ಪ್ರೊ ಮಾದರಿಯವು ಅಲಗನ್ನು ಒಂದು ಮೇಜಿನ ಮೇಲೆ ಮಲಗಿಸಿ ಬೆರಳಿನಿಂದ ಒತ್ತಿ ಹಿಡಿಯಬೇಕಾದವು. ಉದ್ದನೆಯ ಅಡುಗೆ ಚಾಕುವಿಗೆ ಅವು ಸೊಗಸು, ಎಂಟು ಸೆಂಟಿಮೀಟರಿನ ಅಲಗಿಗೆ ಬೆರಳು ಅಪಾಯದ ಹತ್ತಿರ ಬರುತ್ತದೆ. ವಿಕೆಡ್ ಎಡ್ಜ್ ಎಂಬುದು ಅಲಗನ್ನು ಮೇಲ್ಮುಖವಾಗಿ ಹಿಡಿದು ಎರಡೂ ಬದಿಗೆ ಎರಡು ಕೈಯಿಂದ ಮಸೆಯುವ ಸಾಧನ, ಕೆಲಸ ಅತ್ಯುತ್ತಮ, ಆದರೆ ನಾಲ್ಕು ಚಾಕುಗಳ ಮನೆಗೆ ಅಷ್ಟು ಹಣ ಸುರಿಯಬೇಕೆಂದು ನಾನು ಹೇಳಲಾರೆ. ಹೀಗಾಗಿ ನಿಮ್ಮ ಆಯ್ಕೆ ಇಕ್ಕಳವಿರುವ, ಅಂದರೆ ಅಲಗಿನ ಬೆನ್ನನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪ್ ಇರುವ ಸಾಧನಗಳೊಳಗೆ ನಡೆಯಬೇಕು: ಲ್ಯಾನ್‌ಸ್ಕಿ, ವರ್ಕ್ ಶಾರ್ಪ್ ಕಂಪನಿಯ ಪ್ರಿಸಿಷನ್ ಅಡ್ಜಸ್ಟ್, ಕೆಎಂಇ, ಮತ್ತು ಇವುಗಳನ್ನು ನೋಡಿ ಮಾಡಿದ ಹೆಸರಿಲ್ಲದ ಹಲವು.

ಈ ಇಕ್ಕಳದ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಕೊಂಡವರಲ್ಲಿ ಹೆಚ್ಚಿನವರು ನಿರಾಶರಾಗುವುದು ಇಲ್ಲಿಯೇ.

ಮಡಚು ಚಾಕುವಿನ ಅಲಗು ಬೆನ್ನಿನಿಂದ ಬಾಯಿಯವರೆಗೆ ಬೆಣೆಯಂತೆ ತೆಳುವಾಗುತ್ತ ಬರುತ್ತದೆ. ಇಕ್ಕಳದ ಎರಡು ತುಟಿಗಳು ಒಂದಕ್ಕೊಂದು ಸಮಾನಾಂತರವಾಗಿದ್ದರೆ ಅವು ಆ ಬೆಣೆಯನ್ನು ಒಂದೇ ಗೆರೆಯಲ್ಲಿ ಮುಟ್ಟುತ್ತವೆ, ಮತ್ತು ಅಲಗು ಆ ಗೆರೆಯ ಮೇಲೆ ತೊಟ್ಟಿಲಿನಂತೆ ತೂಗಾಡುತ್ತದೆ. ನಿಮ್ಮ ಒಪಿನೆಲ್ ಚಾಕುವಿನ ತೆಳು ಅಲಗಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಬಾಯಿ ಅರ್ಧ ಮಿಲಿಮೀಟರ್ ಅತ್ತಿತ್ತ ಅಲುಗಿದರೂ 15 ಮಿಲಿಮೀಟರ್ ಅಗಲದ ಅಲಗಿನಲ್ಲಿ ಸುಮಾರು 2 ಡಿಗ್ರಿ ಕೋನ ಹೋಯಿತು. ಇದಕ್ಕೆ ಹೋಲಿಸಿದರೆ, ಸರಳು ತೂತಿನಲ್ಲಿ ಅರ್ಧ ಮಿಲಿಮೀಟರ್ ಸಡಿಲವಿದೆ ಎಂದು ಜನ ದೂರುವುದು ಚಿಕ್ಕ ದೋಷ. ಹತ್ತು ಸೆಂಟಿಮೀಟರ್ ದೂರದಲ್ಲಿ ಅದರ ಪರಿಣಾಮ ಕಾಲು ಡಿಗ್ರಿಯ ಆಸುಪಾಸು ಮಾತ್ರ. ಆದ್ದರಿಂದ ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡುವ ಅವಕಾಶ ಸಿಕ್ಕರೆ ಸರಳನ್ನು ಅಲುಗಾಡಿಸುವ ಮೊದಲು, ನಿಮ್ಮದೇ ಚಾಕುವನ್ನು ಇಕ್ಕಳಕ್ಕೆ ಕೊಟ್ಟು, ಅಲಗಿನ ತುದಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ತುಟಿಗಳ ನಡುವಿನ ಕೋನವನ್ನು ಹಿಂಬದಿಯ ತಿರುಪಿನಿಂದ ಹೊಂದಿಸಲು ಬರುವ ಇಕ್ಕಳ ಒಳ್ಳೆಯದು. ಅದಿಲ್ಲದಿದ್ದರೆ ತುಟಿಗಳಿಗೆ ತೆಳು ಚರ್ಮದ ತುಂಡು ಅಂಟಿಸಿಕೊಂಡರೆ ಹಿಡಿತ ಬಹಳ ಸುಧಾರಿಸುತ್ತದೆ, ಅಲಗಿಗೆ ಗೀರೂ ಬೀಳುವುದಿಲ್ಲ.

ಎರಡನೆಯದು ತುಟಿಯ ದಪ್ಪ. ಇಕ್ಕಳದ ತುಟಿ ಅಲಗಿನ ಮಧ್ಯರೇಖೆಗಿಂತ 4 ಮಿಲಿಮೀಟರ್ ಎತ್ತರವಿದ್ದು, ಅದರ ಮುಂಬದಿಯಿಂದ ಚಾಕುವಿನ ಬಾಯಿ 10 ಮಿಲಿಮೀಟರ್ ಮಾತ್ರ ಹೊರಗಿದ್ದರೆ, 22 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಕಲ್ಲು ಅಲಗನ್ನು ತಲುಪುವ ಬದಲು ಇಕ್ಕಳವನ್ನೇ ಉಜ್ಜತೊಡಗುತ್ತದೆ. 15 ಮಿಲಿಮೀಟರ್ ಹೊರಗಿದ್ದರೆ 15 ಡಿಗ್ರಿವರೆಗೂ ಇಳಿಯಬಹುದು. ವಿಕ್ಟೊರಿನಾಕ್ಸ್‌ನ ಚಿಕ್ಕ ಅಲಗು, ಕಸಿಚಾಕುವಿನ ಕಿರಿದಾದ ಅಲಗು ಇವೆರಡೂ ಈ ಕಾರಣಕ್ಕೆ ದಪ್ಪ ಇಕ್ಕಳದಲ್ಲಿ ಮಸೆಯಲು ಬರುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಅತಿ ಕಿರಿದಾದ ಅಲಗಿನ ಅಗಲವನ್ನು ಅಳೆದು ಬರೆದಿಟ್ಟುಕೊಳ್ಳಿ. ಸಾಧನದ ಚಿತ್ರದಲ್ಲಿ ತುಟಿ ತುದಿಯ ಕಡೆಗೆ ಓರೆಯಾಗಿ ತೆಳುವಾಗಿದೆಯೇ ಎಂದು ನೋಡಿ.

ಮೂರನೆಯದು ಮಗುಚುವ ರೀತಿ. ಲ್ಯಾನ್‌ಸ್ಕಿಯಲ್ಲಿ 17, 20, 25, 30 ಡಿಗ್ರಿಯ ತೂತುಗಳು ಮೇಲೆ ಕೆಳಗೆ ಎರಡೂ ಕಡೆ ಇದ್ದು, ಬದಿ ಬದಲಿಸುವಾಗ ಇಡೀ ಇಕ್ಕಳವನ್ನು ತಿರುವಿ, ಸರಳನ್ನು ಆಚೆ ತೂತಿಗೆ ಹಾಕಬೇಕು. ಮೊದಮೊದಲು ಇದು ತೊಂದರೆಯೆನಿಸುವುದಿಲ್ಲ. ಆದರೆ ಕೊನೆಯ ಹಂತದಲ್ಲಿ ಒಂದು ಎಳೆತ ಈ ಬದಿಗೆ, ಒಂದು ಆ ಬದಿಗೆ ಎಂದು ಮಾಡಬೇಕಾದಾಗ ಬೇಸರ ಬಂದು ಜನ ಆ ಹಂತವನ್ನೇ ಬಿಟ್ಟುಬಿಡುತ್ತಾರೆ. ಪ್ರಿಸಿಷನ್ ಅಡ್ಜಸ್ಟ್ ಮತ್ತು ಕೆಎಂಇಗಳಲ್ಲಿ ಇಕ್ಕಳ ತನ್ನ ಅಕ್ಷದ ಮೇಲೆ ಮಗುಚಿಕೊಳ್ಳುತ್ತದೆ, ಅರ್ಧ ಕ್ಷಣದ ಕೆಲಸ. ನನ್ನ ಮಟ್ಟಿಗೆ ಇದೊಂದೇ ಕಾರಣ ಹೆಚ್ಚಿನ ಹಣ ಕೊಡಲು ಸಾಕು.

ಇನ್ನು ಸಾಧನದ ಮೇಲೆ ಕೆತ್ತಿರುವ ಡಿಗ್ರಿಯ ಅಂಕಿಯನ್ನು ನಂಬಿ ಕೂರಬೇಡಿ. ಸರಳಿನ ಬಿಂದು 36 ಮಿಲಿಮೀಟರ್ ಎತ್ತರದಲ್ಲಿದ್ದು ಚಾಕುವಿನ ಬಾಯಿ ಅದರಿಂದ 10 ಸೆಂಟಿಮೀಟರ್ ದೂರದಲ್ಲಿದ್ದರೆ ಕೋನ ಸುಮಾರು 20 ಡಿಗ್ರಿ. ಅಗಲ ಕಡಿಮೆಯಿರುವ ಚಾಕುವನ್ನು ಹಾಕಿ ದೂರ 9 ಸೆಂಟಿಮೀಟರ್ ಆದರೆ ಅದೇ ತೂತಿನಲ್ಲಿ ಕೋನ 22 ಡಿಗ್ರಿ, 11 ಆದರೆ 18. ಕಲ್ಲಿನ ದಪ್ಪ ಬದಲಾದರೂ ಕೋನ ಸ್ವಲ್ಪ ಸರಿಯುತ್ತದೆ. ಇದರಿಂದ ಕೆಡುವುದೇನೂ ಇಲ್ಲ, ಏಕೆಂದರೆ 20ರ ಬದಲು 21 ಆದ ಮಾತ್ರಕ್ಕೆ ಬಾಳೆಯೆಲೆ ಕೊಯ್ಯುವಾಗ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಪ್ರತಿ ಸಲವೂ ಅಲಗು ಇಕ್ಕಳದ ಅದೇ ಜಾಗದಲ್ಲಿ, ಅದೇ ಆಳಕ್ಕೆ ಕೂರಬೇಕು. ನಾನು ಪ್ರತಿ ಚಾಕುವಿಗೂ ಒಂದು ರಟ್ಟಿನ ಚೀಟಿ ಇಟ್ಟಿದ್ದೇನೆ. ಅಲಗಿನ ಆಕಾರವನ್ನು ಅದರ ಮೇಲೆ ಪೆನ್ಸಿಲ್‌ನಿಂದ ಬರೆದು, ಇಕ್ಕಳ ಕಚ್ಚುವ ಜಾಗಕ್ಕೆ ಗುರುತು ಹಾಕಿ, ಕೋನದ ಅಂಕಿ ನಮೂದಿಸಿದ್ದೇನೆ.

ಆ ಜಾಗವನ್ನು ಹುಡುಕುವ ಬಗೆ ಹೀಗಿದೆ. ಬಾಯಿಯ ಎರಡೂ ಬದಿಯ ಇಳಿಜಾರಿಗೆ ಕಪ್ಪು ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ, ಅತಿ ನಯವಾದ ಕಲ್ಲಿನಿಂದ ಎರಡೇ ಎಳೆತ ಎಳೆದು, ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಅಂಚಿನ ತುಟ್ಟತುದಿಯಲ್ಲಿ ಮಸಿ ಉಳಿದಿದ್ದರೆ ಕೋನ ಕಡಿಮೆಯಾಗಿದೆ. ಅಂಚಿನಲ್ಲಿ ಹೋಗಿ ಹಿಂದಿನ ಭುಜದಲ್ಲಿ ಉಳಿದಿದ್ದರೆ ಹೆಚ್ಚಾಗಿದೆ. ಅಲಗಿನ ನೇರ ಭಾಗದುದ್ದಕ್ಕೂ ಸರಿಯಾಗಿ ಹೋಗಿ, ತುದಿಯ ಬಾಗಿನಲ್ಲಿ ಮಾತ್ರ ಬೇರೆ ರೀತಿ ಕಂಡರೆ, ಇಕ್ಕಳವನ್ನು ತುದಿಯ ಕಡೆಗೋ ಹಿಡಿಯ ಕಡೆಗೋ ಕೆಲವು ಮಿಲಿಮೀಟರ್ ಸರಿಸಿ ಮತ್ತೆ ನೋಡಬೇಕು. ಬಾಗಿದ ಭಾಗ ಸರಳಿನ ಬಿಂದುವನ್ನು ಕೇಂದ್ರವಾಗಿಟ್ಟು ಬರೆದ ವೃತ್ತದಂತೆ ಸುತ್ತಿಕೊಂಡಷ್ಟೂ ಕೋನ ಸಮನಾಗಿ ಬರುತ್ತದೆ. ಒಮ್ಮೆ ಸಿಕ್ಕ ಜಾಗವನ್ನು ಚೀಟಿಯಲ್ಲಿ ಬರೆದರೆ ಆಯಿತು, ಮುಂದೆ ಹುಡುಕಬೇಕಾಗಿಲ್ಲ.

ತುದಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ನಾನು ಮೊದಲ ಬಾರಿ ತರಿಸಿದ ಅಗ್ಗದ ಸಾಧನದ ಪ್ಲಾಸ್ಟಿಕ್ ಇಕ್ಕಳ ಮಸೆಯುವ ನಡುವೆಯೇ ಸಡಿಲವಾಗಿ, ಕಲ್ಲು ತುದಿಯನ್ನು ದಾಟಿ ಜಾರಿ, ಅಜ್ಜನ ಕಾಲದ ಚಾಕುವಿನ ಮೊನೆ ಗುಂಡಾಯಿತು. ಕಳೆದುಹೋದ ಲೋಹ ಮತ್ತೆ ಬರುವುದಿಲ್ಲ. ಆ ಮೊನೆಯನ್ನು ಹಿಂದಕ್ಕೆ ತರಲು ಅಲಗಿನ ಬೆನ್ನನ್ನು ಸವೆಸಬೇಕಾಯಿತು, ಇಂದಿಗೂ ಆ ಚಾಕುವನ್ನು ತೆರೆದಾಗ ನನಗೆ ನೋವಾಗುತ್ತದೆ. ಕಲ್ಲಿನ ಅರ್ಧ ಅಗಲ ಇನ್ನೂ ಅಲಗಿನ ಮೇಲಿರುವಾಗಲೇ ಎಳೆತವನ್ನು ನಿಲ್ಲಿಸುವ ಅಭ್ಯಾಸ ಮಾಡಿಕೊಂಡರೆ ಇಂತಹ ಹಾನಿ ತಪ್ಪುತ್ತದೆ.

ಕಲ್ಲುಗಳ ವಿಷಯ ನಿಮ್ಮ ಉಕ್ಕುಗಳಿಂದಲೇ ತೀರ್ಮಾನವಾಗುತ್ತದೆ. ವಿಕ್ಟೊರಿನಾಕ್ಸ್ ಅಲಗು ಗಡಸುತನ ಅಳೆಯುವ ರಾಕ್‌ವೆಲ್ ಸಿ ಮಾಪನದಲ್ಲಿ ಸುಮಾರು 56ರಷ್ಟಿರುವ ಮೆದು ಉಕ್ಕು, ಯಾವ ಕಲ್ಲಿಗೂ ಬಗ್ಗುತ್ತದೆ. ಒಪಿನೆಲ್‌ನ ಕಾರ್ಬನ್ ಉಕ್ಕು ಇನ್ನೂ ಸುಲಭ. ಡಿ2 ಹಾಗಲ್ಲ, ಅದರಲ್ಲಿ ಸುಮಾರು 1.5 ಶೇಕಡಾ ಇಂಗಾಲ, 12 ಶೇಕಡಾ ಕ್ರೋಮಿಯಂ ಇದ್ದು, ಅವೆರಡೂ ಕೂಡಿ ಆದ ಗಟ್ಟಿ ಕಾರ್ಬೈಡ್ ಕಣಗಳು ಉಕ್ಕಿನೊಳಗೆ ಮರಳಿನ ಹರಳುಗಳಂತೆ ಹರಡಿಕೊಂಡಿರುತ್ತವೆ, ಸಾಮಾನ್ಯ ಕಲ್ಲು ಅವುಗಳ ಮೇಲೆ ಜಾರುತ್ತದೆ. ವಜ್ರದ ಪುಡಿ ಕೂರಿಸಿದ ಡೈಮಂಡ್ ತಗಡು ಇವೆಲ್ಲಕ್ಕೂ ಒಂದೇ ಉತ್ತರ. ಅದು ಸವೆದು ತಗ್ಗಾಗುವುದಿಲ್ಲ, ಎಣ್ಣೆ ಬೇಡ, ನೀರಿನಲ್ಲಿ ನೆನೆಸುವುದೂ ಬೇಡ. ಒರಟಾದದ್ದು 300ರ ಆಸುಪಾಸು, ಮಧ್ಯಮ 600, ಇವೆರಡು ಮತ್ತು ನಯವಾದ ಒಂದು ಸೆರಾಮಿಕ್ ಇದ್ದರೆ ತೋಟದ ಕೆಲಸಕ್ಕೆ ಬೇರೇನೂ ಬೇಕಿಲ್ಲ. ಪ್ರಿಸಿಷನ್ ಅಡ್ಜಸ್ಟ್‌ನ ಮೂಲ ಪೆಟ್ಟಿಗೆಯಲ್ಲಿ 320 ಮತ್ತು 600ರ ವಜ್ರ ಹಾಗೂ ನಯ ಸೆರಾಮಿಕ್ ಇಷ್ಟೇ ಬರುತ್ತವೆ, ಕೋನವನ್ನು 15ರಿಂದ 30 ಡಿಗ್ರಿವರೆಗೆ ತಿರುಪಿನಿಂದ ಹೊಂದಿಸಬಹುದು. ಹೊಸ ವಜ್ರದ ತಗಡು ಮೊದಲ ಕೆಲವು ಸಲ ಒರಟಾಗಿ ಗೀರುತ್ತದೆ, ಆಮೇಲೆ ಹದಕ್ಕೆ ಬರುತ್ತದೆ. ಒತ್ತಬೇಡಿ. ಮೆಟ್ಟುಗತ್ತಿ ಮಸೆದು ರೂಢಿಯಾದ ಕೈ ತನಗೇ ತಿಳಿಯದೆ ಒತ್ತುತ್ತದೆ, ಒತ್ತಿದರೆ ವಜ್ರದ ಕಣಗಳು ತಗಡಿನಿಂದ ಕಿತ್ತುಬರುತ್ತವೆ. ಸರಳಿನ ಭಾರವೇ ಸಾಕು ಎಂದುಕೊಳ್ಳಿ.

ಕಸಿಚಾಕುವನ್ನು ಬೇರೆಯೇ ಆಗಿ ನೋಡಬೇಕು. ಅದನ್ನು ಬೆಳಕಿಗೆ ಹಿಡಿದು ಗಮನಿಸಿ: ಹೆಚ್ಚಿನ ಕಸಿಚಾಕುಗಳ ಬಾಯಿಗೆ ಇಳಿಜಾರು ಒಂದೇ ಬದಿಗೆ ಇದ್ದು, ಇನ್ನೊಂದು ಬದಿ ಬೆನ್ನಿನಿಂದ ಅಂಚಿನವರೆಗೆ ಚಪ್ಪಟೆಯಾಗಿರುತ್ತದೆ. ನಿಮ್ಮದೂ ಹಾಗಿದ್ದರೆ ಆ ಚಪ್ಪಟೆ ಬದಿಯೇ ಕೊಂಬೆಯ ಮೇಲೆ ಹಲಗೆಯಂತೆ ಕುಳಿತು ಸಮತಲವಾದ ಕೊಯ್ತವನ್ನು ಕೊಡುತ್ತದೆ, ಆದ್ದರಿಂದ ಅದನ್ನು ಇಕ್ಕಳಕ್ಕೆ ಹಾಕಿ ಎರಡೂ ಕಡೆ ಮಸೆದರೆ ಒಳ್ಳೆಯ ಚಾಕುವೊಂದು ಕೆಟ್ಟಂತೆಯೇ. ಇಳಿಜಾರಿರುವ ಬದಿಯನ್ನು ಮಾತ್ರ, ಅದಕ್ಕೆ ಮೊದಲಿನಿಂದ ಇರುವ ಕೋನದಲ್ಲೇ, ಮಾರ್ಕರ್ ಮಸಿಯ ಸಹಾಯದಿಂದ ಹೊಂದಿಸಿ ಮಸೆಯಿರಿ. ಅಂಚಿನುದ್ದಕ್ಕೂ ಚಪ್ಪಟೆ ಬದಿಗೆ ಮಗುಚಿಕೊಂಡ ತೆಳು ಲೋಹದ ಎಳೆ, ಅಂದರೆ ಬರ್, ಬೆರಳಿಗೆ ಸಿಕ್ಕಿದಾಗ ಚಾಕುವನ್ನು ಇಕ್ಕಳದಿಂದ ಬಿಡಿಸಿ, ಚಪ್ಪಟೆ ಬದಿಯನ್ನು ನಯವಾದ ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಎರಡು ಮೂರು ಸಲ ಎಳೆದರೆ ಅದು ಹೋಗುತ್ತದೆ. ಬೆನ್ನನ್ನು ಕೂದಲೆಳೆಯಷ್ಟೂ ಎತ್ತಬಾರದು. ಒಂದೇ ಬದಿಯ ಇಳಿಜಾರು ಆದ್ದರಿಂದ ಇಲ್ಲಿ 20 ಡಿಗ್ರಿ ಎಂದರೆ ಒಟ್ಟು ಕೋನವೂ 20 ಡಿಗ್ರಿಯೇ. ಉಳಿದ ಚಾಕುಗಳಲ್ಲಿ ಪ್ರತಿ ಬದಿಗೆ 20 ಎಂದರೆ ಒಟ್ಟು 40. ಒಪಿನೆಲ್‌ಗೆ ಪ್ರತಿ ಬದಿಗೆ 16 ಅಥವಾ 17, ವಿಕ್ಟೊರಿನಾಕ್ಸ್‌ಗೆ 18ರಿಂದ 20, ಹಗ್ಗ, ಅಡಿಕೆ ಹಾಳೆ, ಒಣ ಬಳ್ಳಿ ಎಂದು ಒರಟು ಕೆಲಸ ಮಾಡುವ ಡಿ2 ಚಾಕುವಿಗೆ 20 ಇರಲಿ.

ಮಳೆಗಾಲದ ನಿಮ್ಮ ಆತಂಕ ಸರಿಯಾದದ್ದೇ. ಘಟ್ಟದ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲ ಹಿಂದೆ ತೂಗುಹಾಕಿದ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಕಾರವಾರ, ಅಂಕೋಲಾ, ಕುಮಟಾ ಕಡೆಯಲ್ಲಿ ಅದರ ಜೊತೆಗೆ ಉಪ್ಪುಗಾಳಿಯೂ ಸೇರುತ್ತದೆ. ಸಾಧನದಲ್ಲಿ ಮೊದಲು ತುಕ್ಕು ಹಿಡಿಯುವುದು ತಿರುಪುಗಳು ಮತ್ತು ಸರಳು. ತುಕ್ಕಿನಿಂದ ಸರಳು ತೂತಿನಲ್ಲಿ ತಡೆತಡೆದು ಚಲಿಸತೊಡಗಿದರೆ ಎಳೆತದ ಹದ ಹೋಗುತ್ತದೆ. ಆದ್ದರಿಂದ ಇಕ್ಕಳ ಅಲ್ಯೂಮಿನಿಯಂದೋ, ಸರಳು ಸ್ಟೇನ್‌ಲೆಸ್‌ನದೋ ಎಂದು ಕೇಳಿ ಕೊಳ್ಳಿ. ಕೆಲಸ ಮುಗಿದ ಮೇಲೆ ವಜ್ರದ ತಗಡನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ಒಲೆಯ ಹತ್ತಿರ ಒಣಗಿಸಿ, ತಿರುಪು ಸರಳುಗಳಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿಡಿ. ಕೊಬ್ಬರಿ ಎಣ್ಣೆ ಬೇಡ, ಅದು ದಿನ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ. ಒಪಿನೆಲ್ ಅಲಗು ಅಡಿಕೆಯ ಚೊಗರು ತಾಗಿ ಕಪ್ಪಾದರೆ ಹೆದರಬೇಕಾಗಿಲ್ಲ. ಚೊಗರಿನ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಆಗುವ ಬಣ್ಣ ಅದು, ಕೆಂಪು ತುಕ್ಕಿನಂತೆ ಅಲಗನ್ನು ತಿನ್ನುವುದಿಲ್ಲ. ಆದರೆ ಮಾವಿನ ಸೊನೆಯನ್ನು ಒರೆಸದೆ ಚಾಕು ಮಡಚಿ ಕಿಸೆಗೆ ಹಾಕಬೇಡಿ.

ಹೀಗೆ ಎಲ್ಲವನ್ನೂ ತೂಗಿ ನೋಡಿದರೆ, ಒಂದನ್ನೇ ಕೊಳ್ಳುವ ನಿಮಗೆ ನಾನು ಹೇಳುವುದು ಮಗುಚುವ ಇಕ್ಕಳವಿರುವ, ಕೋನವನ್ನು ತಿರುಪಿನಿಂದ ಹೊಂದಿಸುವ ಸಾಧನವನ್ನು. ಪ್ರಿಸಿಷನ್ ಅಡ್ಜಸ್ಟ್‌ನ ಮೂಲ ಮಾದರಿ ನಿಮ್ಮ ನಾಲ್ಕೂ ಚಾಕುಗಳಿಗೆ ಸಾಕು. ಅದರ ದೇಹದಲ್ಲಿ ಪ್ಲಾಸ್ಟಿಕ್ ಹೆಚ್ಚು, ನಿಜ, ಆದರೆ ಹಗುರ ಕೈಯಿಂದ ಬಳಸಿದರೆ ಕೋನ ಕಾಯ್ದುಕೊಳ್ಳುತ್ತದೆ. ಖರ್ಚಿನಲ್ಲಿ ಕೈ ಬಿಗಿಹಿಡಿಯಬೇಕಾದರೆ ಲ್ಯಾನ್‌ಸ್ಕಿಯ ವಜ್ರದ ಕಲ್ಲುಗಳ ಪೆಟ್ಟಿಗೆಯನ್ನು ತಂದು, ತುಟಿಗೆ ಚರ್ಮ ಅಂಟಿಸಿಕೊಂಡು, ತಿರುವುವ ಬೇಸರವನ್ನು ಸಹಿಸಿಕೊಳ್ಳಿ, ಹರಿತದಲ್ಲಿ ಕೊರತೆಯಾಗದು. ಉಳಿದ ಹಣದಲ್ಲಿ ಹೆಚ್ಚಿನ ಕಲ್ಲು ಕೊಳ್ಳುವ ಬದಲು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯೊಂದನ್ನೂ, ಮಸೆದ ಅಂಚಿಗೆ ಕೊನೆಯ ನಯ ಕೊಡಲು ಮರದ ಪಟ್ಟಿಗೆ ಅಂಟಿಸುವ ಒಂದು ಗೇಣು ಚರ್ಮವನ್ನೂ, ಅದಕ್ಕೆ ಸವರುವ ಹಸಿರು ಕ್ರೋಮಿಯಂ ಆಕ್ಸೈಡ್ ತುಂಡನ್ನೂ ತೆಗೆದುಕೊಳ್ಳಿ. ಕತ್ತಿ, ಮೆಟ್ಟುಗತ್ತಿಗಳನ್ನು ಇದರ ಹತ್ತಿರ ತರಬೇಡಿ. ಅವುಗಳಿಗೆ ನಿಮ್ಮ ಮಸೆಗಲ್ಲೇ ಸರಿ.

ಸಾಧನ ಬಂದ ದಿನ ವಿಕ್ಟೊರಿನಾಕ್ಸ್‌ನ ದೊಡ್ಡ ಅಲಗಿನಿಂದ ಆರಂಭಿಸಿ. ಮೆದು ಉಕ್ಕು, ತಪ್ಪಾದರೂ ತಿದ್ದಿಕೊಳ್ಳಬಹುದು. ಒರಟು ತಗಡಿನಿಂದ ಒಂದು ಬದಿಯನ್ನು ಮಸೆದು, ಬುಡದಿಂದ ತುದಿಯವರೆಗೂ ಬರ್ ಎದ್ದಿದೆಯೆಂದು ಬೆರಳಿಗೆ ಖಚಿತವಾಗುವ ತನಕ ಬದಿ ಬದಲಿಸಬೇಡಿ, ಏಕೆಂದರೆ ಆ ಎಳೆ ಎದ್ದಿಲ್ಲದ ಜಾಗದಲ್ಲಿ ಕಲ್ಲು ಇನ್ನೂ ಅಂಚನ್ನು ಮುಟ್ಟಿಲ್ಲ. ಕಸಿಚಾಕು ಕೊನೆಯದಾಗಿರಲಿ. ಅದನ್ನು ಮಸೆದ ಮೇಲೆ ಮಾವಿನ ಎಳೆಯ ಕಡ್ಡಿಯೊಂದನ್ನು ಮೂರ್ನಾಲ್ಕು ಸೆಂಟಿಮೀಟರ್ ಉದ್ದಕ್ಕೆ ಓರೆಯಾಗಿ ಒಂದೇ ಎಳೆತದಲ್ಲಿ ಕೊಯ್ದು, ಕೊಯ್ದ ಮುಖವನ್ನು ಬೆಳಕಿಗೆ ಹಿಡಿಯಿರಿ. ಮುಖ ಒದ್ದೆ ಗಾಜಿನಂತೆ ಹೊಳೆಯಬೇಕು. ಉದ್ದಕ್ಕೆ ಒಂದು ಗೆರೆ ಎದ್ದು ಕಂಡರೆ ಅಂಚಿನಲ್ಲಿ ಅದೇ ಜಾಗದಲ್ಲಿ ಒಂದು ಚಿಕ್ಕ ಮುಕ್ಕಿದೆ, 600ರ ತಗಡಿಗೆ ಹಿಂದಿರುಗಿ. ನಾರು ಎದ್ದಿದ್ದರೆ ಬರ್ ಇನ್ನೂ ಅಂಚಿನಲ್ಲಿ ತೂಗುತ್ತಿದೆ, ಚಪ್ಪಟೆ ಬದಿಯನ್ನು ಕಲ್ಲಿನ ಮೇಲೆ ಇನ್ನೆರಡು ಸಲ ಎಳೆದು, ಅಂಚನ್ನು ಆ ಚರ್ಮದ ಪಟ್ಟಿಯ ಮೇಲೆ ಸವರಿ, ಮತ್ತೆ ಕೊಯ್ದು ನೋಡಿ.